ಮಗುವಿನ ಲಂಗೋಟಿ: ತಾಯಿತಂದೆಯರು ತಿಳಿದಿರಬೇಕಾದ ವಿಷಯಗಳು

ಮಗು ಹುಟ್ಟುವುದಕ್ಕೆ ಮೊದಲೇ ಮನೆಯಲ್ಲಿ ತೊಟ್ಟಿಲಿನ ಮಾತು ಬರುತ್ತದೆ, ಹೆಸರಿನ ಮಾತು ಬರುತ್ತದೆ, ಬಾಣಂತಿಯ ಪಥ್ಯದ ಮಾತೂ ಬರುತ್ತದೆ. ಆದರೆ ಹುಟ್ಟಿದ ಮೊದಲ ದಿನದಿಂದ ಸುಮಾರು ಎರಡು ವರ್ಷಗಳವರೆಗೆ ಹಗಲಿರುಳೂ ಬೇಕಾಗುವ ಲಂಗೋಟಿ ಬಟ್ಟೆಯ ವಿಚಾರವನ್ನು ಮುಂಚಿತವಾಗಿ ಯೋಚಿಸುವವರು ವಿರಳ. ಅದು ಹೆಂಗಸರಿಗೆ ತಾನಾಗಿಯೇ ತಿಳಿದಿರುವ ಕೆಲಸವೆಂದು ಗಂಡಸರು ಭಾವಿಸುತ್ತಾರೆ. ಅತ್ತೆಯೋ ತಾಯಿಯೋ ಹೇಳಿಕೊಟ್ಟಾರೆಂದು ಹೊಸ ತಾಯಿಯು ನಂಬಿರುತ್ತಾಳೆ. ಪರಿಣಾಮವಾಗಿ, ಹೆರಿಗೆಯಾದ ರಾತ್ರಿ ಕೈಗೆ ಸಿಕ್ಕಿದ ಬಟ್ಟೆಯನ್ನು ಹರಿದು ಸುತ್ತುವ ಸಂದರ್ಭ ಒದಗುತ್ತದೆ.

ಲಂಗೋಟಿಯು ಕೇವಲ ಹಾಸಿಗೆ ಒದ್ದೆಯಾಗದಂತೆ ತಡೆಯುವ ಬಟ್ಟೆಯಲ್ಲ. ಅದು ಮಗುವಿನ ಚರ್ಮವನ್ನು ಕಾಯುತ್ತದೆ. ಸರಿಯಾಗಿ ಒಗೆದರೆ ಮನೆಯವರೆಲ್ಲರನ್ನೂ ಭೇದಿಯಿಂದ ಕಾಯುತ್ತದೆ. ಗಮನವಿಟ್ಟು ನೋಡುವವರಿಗೆ ಮಗುವಿನ ಆರೋಗ್ಯದ ಸುದ್ದಿಯನ್ನು ದಿನವೂ ತಿಳಿಸುತ್ತದೆ. ಆದುದರಿಂದ ಈ ವಿಷಯವನ್ನು ದಂಪತಿಗಳಿಬ್ಬರೂ ಒಟ್ಟಿಗೆ ಕುಳಿತು ಓದಬೇಕೆಂದು ಕೋರುತ್ತೇನೆ.

ಯಾವ ಬಟ್ಟೆ, ಎಷ್ಟು ಬಟ್ಟೆ?

ಮಗುವಿಗೆ ಹಳೆಯ ಬಟ್ಟೆಯನ್ನು ಬಳಸುವ ನಮ್ಮ ಹಿರಿಯರ ಪದ್ಧತಿಯು ಒಳ್ಳೆಯದೇ ಆಗಿದೆ. ಹಲವು ಸಲ ಒಗೆದ ಹತ್ತಿ ಬಟ್ಟೆಯು ಮೃದುವಾಗಿರುತ್ತದೆ ಮತ್ತು ನೀರನ್ನು ಬೇಗ ಹೀರುತ್ತದೆ. ಹೊಸ ಬಟ್ಟೆಯಲ್ಲಿ ಗಂಜಿ ಇರುವುದರಿಂದ ಅದು ಒರಟಾಗಿಯೂ, ನೀರು ಹೀರದಂತೆಯೂ ಇರುತ್ತದೆ. ಹೊಸ ಬಟ್ಟೆಯನ್ನೇ ಬಳಸಬೇಕಾದಲ್ಲಿ ಮೊದಲು ಮೂರು ನಾಲ್ಕು ಬಾರಿ ಒಗೆದು ಒಣಗಿಸತಕ್ಕದ್ದು.

ಆದರೆ ಹಳೆಯ ಬಟ್ಟೆಗಳೆಲ್ಲವೂ ಲಂಗೋಟಿಗೆ ಒದಗುವುದಿಲ್ಲ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ನೀರನ್ನು ಹೀರುವುದಿಲ್ಲ. ಜರಿಯಂಚು ಚರ್ಮವನ್ನು ಗೀರುತ್ತದೆ. ಬಣ್ಣ ಬಿಡುವ ಬಟ್ಟೆಯೂ ಬೇಡ. ಸಂಶಯವಿದ್ದಲ್ಲಿ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿರಿ. ಹನಿಯು ಕೂಡಲೇ ಇಂಗಿದರೆ ಅದು ತಕ್ಕ ಬಟ್ಟೆ. ಉರುಳಿಹೋದರೆ ಅದನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿರಿ.

ಅಳತೆಯ ಲೆಕ್ಕ ಹೀಗಿದೆ. ಐದೂವರೆ ಮೀಟರ್ ಉದ್ದದ ಒಂದು ನೂಲಿನ ಸೀರೆಯಿಂದ 55 ಸೆಂಟಿಮೀಟರ್ ಚೌಕದ 20 ತುಂಡುಗಳು ದೊರೆಯುತ್ತವೆ. ನಾಲ್ಕು ಮೊಳದ ಒಂದು ಪಂಚೆಯಿಂದ ಸ್ವಲ್ಪ ದೊಡ್ಡದಾದ, 60 ಸೆಂಟಿಮೀಟರ್ ಚೌಕದ 6 ತುಂಡುಗಳು ಬರುತ್ತವೆ. ಹಸುಗೂಸು ದಿನಕ್ಕೆ ಹತ್ತು ಹನ್ನೆರಡು ಬಾರಿ ಬಟ್ಟೆ ಒದ್ದೆ ಮಾಡುವುದು ಸಹಜ. ದಿನವೂ ಒಗೆಯುವ ಮನೆಯಲ್ಲಿ ಒಂದು ದಿನದ ಬಟ್ಟೆ ಮೈಮೇಲೆ, ಇನ್ನೊಂದು ದಿನದ್ದು ಹಗ್ಗದ ಮೇಲೆ ಎಂದು ಎಣಿಸಿದರೆ ಸುಮಾರು 24 ತುಂಡುಗಳು ಬೇಕು. ಅಂದರೆ ಒಂದು ಹಳೆಯ ಸೀರೆ, ಒಂದು ಹಳೆಯ ಪಂಚೆ ಸಾಕು. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ಹೆರಿಗೆಯಾದರೆ ಇನ್ನೂ ಹನ್ನೆರಡು ತುಂಡುಗಳನ್ನು ಹೆಚ್ಚಾಗಿ ಇಟ್ಟುಕೊಳ್ಳುವುದು ಒಳಿತು.

ಮಗು ಹುಟ್ಟುವ ಮೊದಲು ಬಟ್ಟೆ ಹೊಲಿಸಬಾರದೆಂಬ ನಂಬಿಕೆ ಕೆಲವೆಡೆ ಇದೆ. ಲಂಗೋಟಿಗೆ ಹೊಲಿಗೆಯೇ ಬೇಕಿಲ್ಲ. ಎಂಟನೆಯ ತಿಂಗಳಿನಲ್ಲಿ ಮನೆಯ ಹಳೆಯ ಸೀರೆಯನ್ನು ಒಗೆದು, ಬಿಸಿಲಿಗೆ ಹಾಕಿ, ಕತ್ತರಿಸಿ, ಶುಭ್ರವಾದ ಒಂದು ಚೀಲದಲ್ಲಿ ಕಟ್ಟಿಡುವುದರಿಂದ ಯಾರ ನಂಬಿಕೆಗೂ ಭಂಗ ಬಾರದು. ಆಸ್ಪತ್ರೆಗೆ ಹೊರಡುವಾಗ ಆ ಚೀಲವನ್ನು ಕೈಗೆತ್ತಿಕೊಂಡರಾಯಿತು.

ಪೆಟ್ಟಿಗೆಯ ಬಟ್ಟೆಯ ವಿಷಯದಲ್ಲಿ ಎಚ್ಚರಿಕೆ

ಟ್ರಂಕಿನಲ್ಲಿ ಬಟ್ಟೆಯ ನಡುವೆ ಬಿಳಿಯ ನುಸಿಗುಳಿಗೆ, ಅಂದರೆ ಡಾಂಬರು ಗುಳಿಗೆ ಇಡುವ ರೂಢಿ ಬಹಳ ಮನೆಗಳಲ್ಲಿದೆ. ಅದರಲ್ಲಿ ನ್ಯಾಫ್ತಲೀನ್ ಎಂಬ ವಸ್ತುವಿರಬಹುದು. ಅದರ ಆವಿಯು ಬಟ್ಟೆಯಲ್ಲಿ ಸೇರಿಕೊಂಡು, ಉಸಿರಿನ ಮೂಲಕವೂ ಚರ್ಮದ ಮೂಲಕವೂ ಮಗುವಿನ ದೇಹವನ್ನು ಪ್ರವೇಶಿಸಬಲ್ಲದು. ಕೆಲವು ಮಕ್ಕಳ ರಕ್ತಕಣಗಳಲ್ಲಿ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುತ್ತದೆ. ಅಂತಹ ಮಗುವಿಗೆ ಈ ಆವಿ ತಗುಲಿದರೆ ರಕ್ತಕಣಗಳು ಒಡೆದು, ತೀವ್ರವಾದ ಕಾಮಾಲೆ ಉಂಟಾಗಿ, ಮಿದುಳಿಗೆ ಅಪಾಯವಾಗಬಹುದು. ಮಗುವಿನ ಮುಖ ನೋಡಿ ಈ ಕೊರತೆಯನ್ನು ತಿಳಿಯಲು ಸಾಧ್ಯವಿಲ್ಲ. ಆದುದರಿಂದ ಗುಳಿಗೆಯ ವಾಸನೆಯುಳ್ಳ ಸೀರೆ, ರಗ್ಗು, ಕೌದಿಗಳನ್ನು ಹಸುಗೂಸಿನ ಹತ್ತಿರ ತರಲೇಕೂಡದು. ಮಗುವಿನ ಬಟ್ಟೆಯನ್ನು ಗುಳಿಗೆಯಿಲ್ಲದ ಬೇರೆ ಪೆಟ್ಟಿಗೆಯಲ್ಲಿಡಿರಿ.

ಲಂಗೋಟಿ ಕಟ್ಟುವ ಕ್ರಮ

ಚೌಕದ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಿಸಿ ತ್ರಿಕೋನ ಮಾಡಿರಿ. ಉದ್ದನೆಯ ಅಂಚು ಮಗುವಿನ ಸೊಂಟದ ಕೆಳಗೆ ಬರುವಂತೆ ಹಾಸಿ, ಅದರ ಮೇಲೆ ಮಗುವನ್ನು ಅಂಗಾತ ಮಲಗಿಸಿರಿ. ಕೆಳಗಿನ ಮೂಲೆಯನ್ನು ಕಾಲುಗಳ ನಡುವಿನಿಂದ ಮೇಲಕ್ಕೆ ತಂದು, ಎರಡು ಪಕ್ಕದ ಮೂಲೆಗಳನ್ನು ಮುಂದಕ್ಕೆ ಎಳೆದು ಸಡಿಲವಾಗಿ ಗಂಟು ಹಾಕಿರಿ. ಮಡಿಸಿದ ಇನ್ನೊಂದು ಸಣ್ಣ ತುಂಡನ್ನು ಒಳಗೆ ಇಟ್ಟರೆ ಹೆಚ್ಚು ಹೀರುತ್ತದೆ. ಗಂಡು ಮಗುವಿಗೆ ಈ ಮಡಿಕೆ ಮುಂಭಾಗದಲ್ಲಿಯೂ, ಹೆಣ್ಣು ಮಗುವಿಗೆ ನಡುವಿನಲ್ಲಿಯೂ ಬರುವಂತೆ ಇಡತಕ್ಕದ್ದು. ಪಿನ್ನಿನ ಅವಶ್ಯಕತೆಯಿಲ್ಲ, ಮೂಲೆಗಳಿಗೆ ಲಾಡಿ ಹೊಲಿದುಕೊಂಡರೆ ಇನ್ನೂ ಅನುಕೂಲ.

ಇಲ್ಲಿ ಮೂರು ವಿಷಯಗಳನ್ನು ನೆನಪಿಡಬೇಕು.

1. ಹೊಕ್ಕುಳಬಳ್ಳಿ ಉದುರುವವರೆಗೆ ಲಂಗೋಟಿಯು ಹೊಕ್ಕುಳಿಗಿಂತ ಕೆಳಗೆ ಇರಬೇಕು. ಮೂತ್ರದಿಂದ ನೆನೆದ ಬಟ್ಟೆ ಹೊಕ್ಕುಳಿಗೆ ತಾಗಿದರೆ ಸೋಂಕಾಗುವ ಸಂಭವವುಂಟು. ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಸಿನ ಯಾವುದನ್ನೂ ಹಚ್ಚಬಾರದು. ಅದು ಒಣಗಿರುವುದೇ ಔಷಧ.

2. ಗಂಟಿನ ಕೆಳಗೆ ನಿಮ್ಮ ಎರಡು ಬೆರಳುಗಳು ಸರಾಗವಾಗಿ ತೂರುವಂತಿರಬೇಕು.

3. ಕಾಲುಗಳನ್ನು ನೆಟ್ಟಗೆ ಎಳೆದು, ಜೋಡಿಸಿ, ಬಿಗಿಯಾಗಿ ಸುತ್ತಬಾರದು. ಕಪ್ಪೆಯಂತೆ ಮಡಿಚಿ ಅಗಲಿಸಿಕೊಂಡು ಮಲಗುವುದು ಮಗುವಿನ ಸಹಜ ಭಂಗಿ. ಬಿಗಿದು ಸುತ್ತಿದರೆ ಸೊಂಟದ ಕೀಲು ತನ್ನ ಗುಳಿಯಿಂದ ಜಾರಿ, ಮಗು ಮುಂದೆ ಕುಂಟುವ ಸಾಧ್ಯತೆ ಇದೆ. ಕತ್ತು ನಿಂತ ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವ ನಮ್ಮ ತಾಯಂದಿರ ಅಭ್ಯಾಸವು ಈ ದೃಷ್ಟಿಯಿಂದ ಬಹಳ ಒಳ್ಳೆಯದು.

ಹಾಸಿಗೆಯ ಮೇಲೆ ರಬ್ಬರ್ ಹಾಳೆ ಹಾಕುವುದಾದರೆ ಅದರ ಮೇಲೆ ಬಟ್ಟೆ ಹಾಸಿರಿ. ಮಗುವಿನ ಸೊಂಟಕ್ಕೆ ಪ್ಲಾಸ್ಟಿಕ್ ಸುತ್ತುವುದು ಸಲ್ಲದು.

ಕೆಂಪಾಗುವುದು ಏಕೆ?

ಒದ್ದೆ ಬಟ್ಟೆಯನ್ನು ಬಹಳ ಹೊತ್ತು ಬಿಟ್ಟರೆ ಚರ್ಮ ನೆನೆದು ಮೆತ್ತಗಾಗುತ್ತದೆ. ಮಲದೊಳಗಿನ ಸೂಕ್ಷ್ಮಜೀವಿಗಳು ಮೂತ್ರದಲ್ಲಿರುವ ಯೂರಿಯಾವನ್ನು ಅಮೋನಿಯಾ ಆಗಿ ಮಾರ್ಪಡಿಸುತ್ತವೆ. ಬೆಳಗ್ಗೆ ಲಂಗೋಟಿ ಬಿಚ್ಚಿದಾಗ ಮೂಗಿಗೆ ಬಡಿಯುವ ಘಾಟು ಅದರದೇ. ಈ ಕ್ಷಾರದಿಂದ ಮಲದ ಜೀರ್ಣರಸಗಳು ಚುರುಕುಗೊಂಡು ಚರ್ಮವನ್ನು ಸುಡುತ್ತವೆ. ಆದುದರಿಂದ ಮಲವಾದ ಕೂಡಲೇ, ಮೂತ್ರವಾದರೆ ಎಚ್ಚರವಿರುವಾಗಲೆಲ್ಲ ಬಟ್ಟೆ ಬದಲಿಸಬೇಕು.

ಬದಲಿಸುವಾಗ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಒತ್ತಿ ಒಣಗಿಸಿರಿ. ಹೆಣ್ಣು ಮಗುವನ್ನು ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸತಕ್ಕದ್ದು. ಹಿಂದಿನಿಂದ ಮುಂದಕ್ಕೆ ಒರೆಸಿದರೆ ಮಲದ ರೋಗಾಣುಗಳು ಮೂತ್ರದ್ವಾರವನ್ನು ಸೇರುತ್ತವೆ. ಗಂಡು ಮಗುವಿನ ಮುಂದೊಗಲನ್ನು ಬಲವಂತದಿಂದ ಹಿಂದಕ್ಕೆ ಸರಿಸಬಾರದು.

ಚರ್ಮ ಕೆಂಪಾದರೆ ದಿನಕ್ಕೆ ಮೂರು ನಾಲ್ಕು ಬಾರಿ, ಒಂದೊಂದು ಸಲ ಕಾಲು ಗಂಟೆಯಷ್ಟು, ಲಂಗೋಟಿಯಿಲ್ಲದೆ ಗಾಳಿಗೆ ಬಿಡಿರಿ. ಶುದ್ಧವಾದ ಕೊಬ್ಬರಿ ಎಣ್ಣೆಯ ತೆಳು ಲೇಪ ಸಾಕು. ಬೋರಿಕ್ ಪುಡಿಯನ್ನು ಹಾಕಲೇಬೇಡಿರಿ; ಅದು ಗಾಯದ ಚರ್ಮದ ಮೂಲಕ ರಕ್ತಕ್ಕೆ ಸೇರಿ ವಿಷವಾಗುತ್ತದೆ. ಮುಖಕ್ಕೆ ಹಾಕುವ ಪೌಡರು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋಗುತ್ತದೆ. ದೊಡ್ಡವರು ಗಜಕರ್ಣಕ್ಕೆಂದು ಅಂಗಡಿಯಿಂದ ತಂದ ಮುಲಾಮನ್ನು ಮಗುವಿಗೆ ಹಚ್ಚಕೂಡದು. ಮೂರು ದಿನಗಳಲ್ಲಿ ಗುಣವಾಗದಿದ್ದರೆ, ಅಥವಾ ತೊಡೆಯ ಸಂದುಗಳಲ್ಲಿ ಕಡುಕೆಂಪಾಗಿ ಸುತ್ತಲೂ ಸಣ್ಣ ಗುಳ್ಳೆಗಳೆದ್ದರೆ ಅದು ಶಿಲೀಂಧ್ರದ ಸೋಂಕಾಗಿರಬಹುದು, ವೈದ್ಯರಿಗೆ ತೋರಿಸಿರಿ.

ಒಗೆಯುವ ಮತ್ತು ಒಣಗಿಸುವ ಕ್ರಮ

ಹಾಲು ಕುಡಿಯುವ ಮಗುವಿನ ಮಲದಲ್ಲಿ ದೋಷವಿಲ್ಲವೆಂಬ ಮಾತು ಹಳ್ಳಿಗಳಲ್ಲಿ ಬಹಳವಾಗಿ ಕೇಳಿಬರುತ್ತದೆ. ಇದು ತಪ್ಪು ತಿಳಿವಳಿಕೆ. ದೊಡ್ಡವರ ಮಲದಂತೆಯೇ ಮಗುವಿನ ಮಲದಲ್ಲಿಯೂ ಭೇದಿಯ ರೋಗಾಣುಗಳಿರಬಹುದು. ಲಂಗೋಟಿಯನ್ನು ಬಾವಿಯ ಕಟ್ಟೆಯ ಮೇಲೆ, ಕೈಪಂಪಿನ ಬಳಿ ಅಥವಾ ಕೆರೆಯಲ್ಲಿ ಜಾಲಿಸಿದರೆ, ಅದೇ ನೀರು ಬಿಂದಿಗೆಯಲ್ಲಿ ಮನೆಗೆ ಮರಳಿ ಬರುತ್ತದೆ.

ಮುಚ್ಚಳವಿರುವ ಎರಡು ಬಕೆಟ್‌ಗಳನ್ನು ಈ ಕೆಲಸಕ್ಕೆಂದೇ ಮೀಸಲಿಡಿರಿ. ಒಂದರಲ್ಲಿ ಮೂತ್ರದ ಬಟ್ಟೆ, ಇನ್ನೊಂದರಲ್ಲಿ ಮಲದ ಬಟ್ಟೆ. ಮಲವನ್ನು ಮೊದಲು ಶೌಚಾಲಯದಲ್ಲಿ ಉದುರಿಸಿ, ಜಾಲಿಸಿದ ನೀರನ್ನೂ ಅಲ್ಲಿಯೇ ಚೆಲ್ಲಿರಿ. ಅನಂತರ ಸಾಬೂನು ಹಚ್ಚಿ ತಿಕ್ಕಿ, ನೊರೆ ಪೂರ್ತಿಯಾಗಿ ಹೋಗುವಂತೆ ಮೂರು ನೀರಿನಲ್ಲಿ ಹಿಂಡಿರಿ. ಬಟ್ಟೆಯಲ್ಲಿ ಉಳಿದ ಸಾಬೂನು ಕೂಡ ಚರ್ಮವನ್ನು ಕೆರಳಿಸುತ್ತದೆ. ಘಾಟಿನ ಕ್ರಿಮಿನಾಶಕ ದ್ರಾವಣಗಳು ಬೇಕಿಲ್ಲ. ವಾರಕ್ಕೊಮ್ಮೆಯೂ, ಮಗುವಿಗೆ ಭೇದಿಯಾದ ದಿನಗಳಲ್ಲಿ ನಿತ್ಯವೂ, ಮಲದ ಬಟ್ಟೆಗಳನ್ನು ಹತ್ತು ನಿಮಿಷ ಕುದಿಸುವುದು ಒಳಿತು. ಕೊನೆಯಲ್ಲಿ ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳದೆ ಅಡುಗೆಗಾಗಲಿ, ಮಗುವಿಗೆ ಹಾಲುಣಿಸುವುದಕ್ಕಾಗಲಿ ಹೋಗಬಾರದು.

ದೃಷ್ಟಿಯಾದೀತೆಂಬ ಭಯದಿಂದ ಕೆಲವರು ಲಂಗೋಟಿಯನ್ನು ಕತ್ತಲೆ ಕೋಣೆಯಲ್ಲಿ ಒಣಹಾಕುತ್ತಾರೆ. ಬಿಸಿಲೇ ನಮಗೆ ಬಿಟ್ಟಿಯಾಗಿ ದೊರೆಯುವ ಕ್ರಿಮಿನಾಶಕ. ಬೀದಿಯವರಿಗೆ ಕಾಣಬಾರದೆಂದರೆ ಹಿತ್ತಲಲ್ಲಿ ಹಗ್ಗ ಕಟ್ಟಿರಿ. ಸಂಜೆಗೆ ಮೊದಲು ಒಳಗೆ ತನ್ನಿರಿ. ಮಳೆಗಾಲದಲ್ಲಿ ಗಾಳಿಯಾಡುವ ಜಗುಲಿಯಲ್ಲಿ ಒಣಗಿಸಿ, ಬಿಸಿಯಾದ ಇಸ್ತ್ರಿಯನ್ನು ಎರಡೂ ಮಗ್ಗುಲಿಗೆ ಹಾಯಿಸಿರಿ. ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಬೋರಲು ಹಾಕಿ ಬಟ್ಟೆ ಒಣಗಿಸುವವರು ಅದನ್ನು ಬಾಣಂತಿಯ ಮುಚ್ಚಿದ ಕೋಣೆಯಲ್ಲಿ ಎಂದಿಗೂ ಇಡಬಾರದು. ಅದರ ಹೊಗೆ ಮಗುವಿನ ಶ್ವಾಸಕ್ಕೆ ಕೆಡುಕು. ಕೆಂಡದ ವಿಷಾನಿಲವು ಪ್ರಾಣಕ್ಕೇ ಅಪಾಯ.

ಬಟ್ಟೆ ತಿಳಿಸುವ ಸಂಗತಿಗಳು

ಮಾತು ಬಾರದ ಮಗುವಿನ ಸುದ್ದಿಯನ್ನು ಲಂಗೋಟಿಯಲ್ಲಿ ಓದಿಕೊಳ್ಳಬಹುದು.

ಐದನೆಯ ದಿನದ ಅನಂತರ ಮಗು ದಿನಕ್ಕೆ ಆರು ಅಥವಾ ಅದಕ್ಕೂ ಹೆಚ್ಚು ಬಾರಿ ಬಟ್ಟೆ ಒದ್ದೆ ಮಾಡುತ್ತಿದ್ದರೆ, ತಾಯಿಯ ಹಾಲು ಸಾಕಾಗುತ್ತಿದೆ ಎಂಬುದಕ್ಕೆ ಅದು ಒಳ್ಳೆಯ ಗುರುತು. ಹಾಲು ಸಾಲದೆಂದು ಅಂಜಿ ಡಬ್ಬಿಯ ಹಾಲು, ಸಕ್ಕರೆ ನೀರು ಕೊಡುವ ಮೊದಲು ಬಟ್ಟೆಗಳನ್ನು ಎಣಿಸಿರಿ. ಆರಕ್ಕಿಂತ ಕಡಿಮೆಯಾದರೆ ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿರಿ.

ಮೊದಲ ಎರಡು ಮೂರು ದಿನ ಮಲವು ಡಾಂಬರಿನಂತೆ ಕಪ್ಪು ಹಸಿರಾಗಿರುತ್ತದೆ. ಐದನೆಯ ದಿನದ ಹೊತ್ತಿಗೆ ಹಳದಿಯಾಗುತ್ತದೆ. ಎದೆಹಾಲು ಕುಡಿಯುವ ಮಗು ದಿನಕ್ಕೆ ಹಲವು ಸಲ ತೆಳ್ಳಗೆ ಹಳದಿ ಮಲ ಮಾಡುವುದು ಭೇದಿಯಲ್ಲ. ಹೆಣ್ಣು ಮಗುವಿನ ಬಟ್ಟೆಯಲ್ಲಿ ಮೊದಲ ವಾರ ಒಂದೆರಡು ಹನಿ ರಕ್ತ ಕಂಡರೆ ಹೆದರಬೇಕಾಗಿಲ್ಲ. ತಾಯಿಯ ದೇಹದಿಂದ ಬಂದ ಹಾರ್ಮೋನುಗಳು ಕಡಿಮೆಯಾಗುವುದೇ ಅದಕ್ಕೆ ಕಾರಣ. ಆದರೆ ಮಲದಲ್ಲಿ ರಕ್ತ ಕಂಡರೆ ತಡಮಾಡಬಾರದು.

ನನ್ನ ಅನುಭವದ ಒಂದು ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತ. ಒಬ್ಬ ರೈತರು ತಮ್ಮ ಪತ್ನಿ ಹಾಗೂ ಆರು ವಾರದ ಮಗುವಿನೊಡನೆ ಲಸಿಕೆಗಾಗಿ ಬಂದಿದ್ದರು. ಮನೆಯಲ್ಲಿ ಹಿರಿಯ ಹೆಂಗಸರಿಲ್ಲದ ಕಾರಣ ಲಂಗೋಟಿಯನ್ನು ಅವರೇ ಒಗೆಯುತ್ತಿದ್ದರು. ಓಣಿಯವರು ನಗುತ್ತಾರೆಂದು ಹೇಳಿ ತಾವೂ ನಕ್ಕು, "ಈ ಕೂಸಿನ ಬಟ್ಟೆ ಒಗೆಯೋದು ಏನೂ ಕಷ್ಟ ಇಲ್ಲ ಡಾಕ್ಟ್ರೇ, ಹಳದಿ ಕಲೆಯೇ ಹಿಡಿಯೋದಿಲ್ಲ" ಎಂದರು. ಆ ಮಾತು ಕೇಳಿ ನನಗೆ ಗಾಬರಿಯಾಯಿತು. ಮಗುವಿನ ಕಣ್ಣನ್ನು ಬೆಳಕಿನಲ್ಲಿ ನೋಡಿದೆ. ಬಿಳಿಯ ಭಾಗ ನಸು ಹಳದಿಯಾಗಿತ್ತು. ಬಿಚ್ಚಿದ ಲಂಗೋಟಿಯಲ್ಲಿ ಮಲವು ಜೇಡಿಮಣ್ಣಿನಂತೆ ಬಿಳುಪಾಗಿತ್ತು. ಮೂತ್ರ ಮಾತ್ರ ಬಟ್ಟೆಗೆ ಹಳದಿ ಬಣ್ಣ ಹಿಡಿಸಿತ್ತು.

ಮಲಕ್ಕೆ ಹಳದಿ ಬಣ್ಣ ಬರುವುದು ಯಕೃತ್ತಿನಿಂದ ಕರುಳಿಗೆ ಹರಿಯುವ ಪಿತ್ತರಸದಿಂದ. ಕೆಲವು ಮಕ್ಕಳಲ್ಲಿ ಪಿತ್ತನಾಳಗಳು ಮುಚ್ಚಿಹೋಗುತ್ತವೆ. ಆಗ ಪಿತ್ತವು ಕರುಳಿಗಿಳಿಯದೆ ಮಲ ಬಿಳುಪಾಗುತ್ತದೆ. ರಕ್ತಕ್ಕೆ ಸೇರಿ ಕಣ್ಣು, ಮೂತ್ರ ಹಳದಿಯಾಗುತ್ತವೆ. ಯಕೃತ್ತು ದಿನದಿನಕ್ಕೂ ಕೆಡುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆಯುಂಟು, ಆದರೆ ಅದು ಹುಟ್ಟಿದ 60 ದಿನಗಳೊಳಗಾಗಿ ನಡೆದರೆ ಹೆಚ್ಚು ಫಲಕಾರಿ. ಆ ಮಗುವನ್ನು ಅಂದೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ರೋಗ ಅದೇ ಎಂದು ಖಚಿತವಾಗಿ, ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕೆಲವು ವಾರಗಳ ಅನಂತರ ಆ ತಂದೆ ನಮ್ಮ ಕೇಂದ್ರಕ್ಕೆ ಬಂದು, ಮಡಿಸಿ ತಂದಿದ್ದ ಒಂದು ಬಟ್ಟೆಯನ್ನು ಮೇಜಿನ ಮೇಲೆ ಬಿಚ್ಚಿದರು. ಒಗೆದರೂ ಹೋಗದ ಹಳದಿ ಕಲೆ ಅದರಲ್ಲಿತ್ತು. ಮಗುವಿಗೆ ಇನ್ನೂ ಹಲವು ವರ್ಷಗಳ ತಪಾಸಣೆ ಬೇಕೆಂದು ಅವರಿಗೆ ಗೊತ್ತಿತ್ತು. ಆದರೂ ಆ ಕಲೆಯನ್ನು ನೋಡಿ ನಾವಿಬ್ಬರೂ ಸಂತೋಷಪಟ್ಟೆವು.

ಆದುದರಿಂದ ಮಲವು ಸುಣ್ಣದಂತೆ, ಬೂದಿಯಂತೆ ಅಥವಾ ಜೇಡಿಯಂತೆ ಬಿಳುಪಾಗಿ ಕಂಡರೆ, ಮೂತ್ರವು ಬಟ್ಟೆಗೆ ಹಳದಿ ಹಿಡಿಸಿದರೆ, ಹದಿನಾಲ್ಕು ದಿನ ಕಳೆದರೂ ಕಾಮಾಲೆ ಇಳಿಯದಿದ್ದರೆ, ಕೂಡಲೇ ವೈದ್ಯರ ಬಳಿಗೆ ಹೋಗಿರಿ. ಆ ಬಟ್ಟೆಯನ್ನು ಒಗೆಯದೆ ಜೊತೆಗೆ ತನ್ನಿರಿ. ಕಾಮಾಲೆಗೆಂದು ಮಂತ್ರ ಹಾಕಿಸುವುದರಲ್ಲಿ, ಸೊಪ್ಪಿನ ರಸ ಕುಡಿಸುವುದರಲ್ಲಿ ಅಮೂಲ್ಯವಾದ ಆ 60 ದಿನಗಳನ್ನು ಕಳೆಯಬೇಡಿರಿ. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡಬಹುದು.

ಅಂಗಡಿಯ ಡಯಾಪರ್ ಬಗ್ಗೆ

ಪ್ರಯಾಣದಲ್ಲಿ, ಆಸ್ಪತ್ರೆಯಲ್ಲಿ, ಎಡೆಬಿಡದ ಮಳೆಯಲ್ಲಿ ಅಂಗಡಿಯ ಡಯಾಪರ್ ಬಳಸುವುದು ತಪ್ಪಲ್ಲ. ಮೂರು ನಾಲ್ಕು ಗಂಟೆಗೊಮ್ಮೆ, ಮಲವಾದರೆ ತಕ್ಷಣವೇ, ಬದಲಿಸಬೇಕು. ದುಬಾರಿಯೆಂದು ಒಂದನ್ನೇ ರಾತ್ರಿಯಿಂದ ಮಧ್ಯಾಹ್ನದವರೆಗೆ ಬಿಡುವುದಕ್ಕಿಂತ ಬಟ್ಟೆಯೇ ಮೇಲು. ಒಂದಕ್ಕೆ 10 ರೂಪಾಯಿ ಎಂದು ಇಟ್ಟುಕೊಂಡು ದಿನಕ್ಕೆ ಆರು ಬಳಸಿದರೆ ತಿಂಗಳಿಗೆ 1,800 ರೂಪಾಯಿ ಆಗುತ್ತದೆ. ಆ ಹಣದಲ್ಲಿ ತಾಯಿಗೆ ಹಾಲು, ಮೊಟ್ಟೆ, ಬೇಳೆ, ಸೊಪ್ಪು ಒದಗಿಸಬಹುದೆಂಬುದನ್ನು ಯೋಚಿಸಿರಿ. ಬಳಸಿದ ಡಯಾಪರಿನ ಮಲವನ್ನು ಶೌಚಾಲಯಕ್ಕೆ ಹಾಕಿ, ಡಯಾಪರನ್ನು ಕಾಗದದಲ್ಲಿ ಸುತ್ತಿ ಕಸದ ವಾಹನಕ್ಕೆ ಪ್ರತ್ಯೇಕವಾಗಿ ಕೊಡಿರಿ. ಅದನ್ನು ಶೌಚಗುಂಡಿ, ಚರಂಡಿ, ಕೆರೆಗಳಿಗೆ ಎಸೆಯುವುದಾಗಲಿ, ಸುಡುವುದಾಗಲಿ ಕೂಡದು.

ತಂದೆಯ ಪಾಲು

ಬಾಣಂತಿಗೆ ನಲವತ್ತೆರಡು ದಿನಗಳ ಕಾಲ ವಿಶ್ರಾಂತಿ ಅವಶ್ಯಕ. ಹಗಲಿರುಳು ಹಾಲುಣಿಸುವ ಆಕೆಯೇ ದಿನಕ್ಕೆ ಹನ್ನೆರಡು ಬಟ್ಟೆ ಒಗೆದು, ನೀರು ಹೊತ್ತು ತರಬೇಕೆಂಬುದು ನ್ಯಾಯವಲ್ಲ. ನೀರು ತರುವುದು, ಬಟ್ಟೆ ಒಗೆಯುವುದು, ಒದ್ದೆಯಾದ ಬಟ್ಟೆಗಳ ಲೆಕ್ಕ ಇಡುವುದು ಗಂಡಸಿನ ಗೌರವಕ್ಕೆ ಕುಂದಲ್ಲ. ಮೇಲೆ ಹೇಳಿದ ಮಗುವಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆತದ್ದು ಲಂಗೋಟಿ ಒಗೆದ ತಂದೆಯ ಒಂದು ಮಾತಿನಿಂದಲೇ.

ಒಂದು ಮಗು ಲಂಗೋಟಿ ಬಿಡುವ ಮೊದಲೇ ಮತ್ತೊಂದು ಹುಟ್ಟಿದರೆ ತಾಯಿಯ ಮೈಯಲ್ಲಿ ರಕ್ತ ಉಳಿಯದು. ಎರಡೂ ಮಕ್ಕಳಿಗೆ ತಕ್ಕ ಆರೈಕೆ ದೊರೆಯದು. ಎರಡು ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿರಲಿ. ಹೆರಿಗೆಯಾದ 48 ಗಂಟೆಗಳೊಳಗೆ ಅಳವಡಿಸಬಹುದಾದ ಕಾಪರ್-ಟಿ, ಆರು ವಾರಗಳ ಅನಂತರ ಕೊಡುವ ಅಂತರಾ ಚುಚ್ಚುಮದ್ದು, ಪತಿ ಬಳಸುವ ನಿರೋಧ್, ಇವುಗಳಲ್ಲಿ ನಿಮಗೆ ಯಾವುದು ಸರಿಹೊಂದುವುದೆಂದು ವೈದ್ಯರನ್ನು ದಂಪತಿಗಳಿಬ್ಬರೂ ಬಂದು ಕೇಳಿರಿ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಮರಳಿದ ಮೇಲೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ನಿಮ್ಮಲ್ಲಿಗೆ ಬರುತ್ತಾರೆ. ಅವರಿಗೆ ಮಗುವಿನ ಮುಖದ ಜೊತೆಗೆ ಲಂಗೋಟಿಯನ್ನೂ ತೋರಿಸಿರಿ. ಅದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ.